ಮಾಚೇನಹಳ್ಳಿಗೆ ರಕ್ಷಣಾ ಪರೀಕ್ಷಾ ಕೇಂದ್ರ ಬಂದೀತೇ?

ಪ್ರಶ್ನೆ: ಮಾಚೇನಹಳ್ಳಿಯಲ್ಲಿ ನಾವು ಏಳೆಂಟು ಫೌಂಡ್ರಿಯವರು ಸೇನಾ ವಾಹನಗಳ ಬಿಡಿಭಾಗಗಳನ್ನು ಎರಕ ಹೊಯ್ದು ಕೊಡುತ್ತೇವೆ. ಪ್ರತಿ ಲಾಟ್ ಪರೀಕ್ಷೆಗೂ ಬೆಂಗಳೂರಿಗೆ ಓಡಬೇಕು. ರಕ್ಷಣಾ ಸಚಿವಾಲಯ 75% ಅನುದಾನ ಕೊಡುತ್ತದಂತೆ. ಇಲ್ಲೇ ಕೇಂದ್ರ ಕಟ್ಟಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಆ ಯೋಜನೆ ಡಿಟಿಐಎಸ್, ಅಂದರೆ ರಕ್ಷಣಾ ಪರೀಕ್ಷಾ ಮೂಲಸೌಕರ್ಯ ಯೋಜನೆ. 2020ರ ಮೇನಲ್ಲಿ ಘೋಷಣೆಯಾಯಿತು. ಐದು ವರ್ಷಕ್ಕೆ 400 ಕೋಟಿ ರೂಪಾಯಿ, ಆರರಿಂದ ಎಂಟು ಕೇಂದ್ರ. ಅಂದರೆ ತಲಾ 50 ಕೋಟಿಗೆ ಕಡಿಮೆಯಿಲ್ಲದ ಲೆಕ್ಕ. ತಮಿಳುನಾಡಿಗೆ 2024ರ ಜುಲೈನಲ್ಲಿ ಒಪ್ಪಂದವಾದ ಮೂರೂ ಕೇಂದ್ರಗಳು ಡ್ರೋನ್, ಎಲೆಕ್ಟ್ರಾನಿಕ್ ಯುದ್ಧ, ಎಲೆಕ್ಟ್ರೋ ಆಪ್ಟಿಕ್ಸ್‌ಗೆ ಸಂಬಂಧಿಸಿದವು. ಉತ್ತರಪ್ರದೇಶ, ತಮಿಳುನಾಡು ರಕ್ಷಣಾ ಕೈಗಾರಿಕಾ ಕಾರಿಡಾರ್‌ಗಳಿಗೆ ಆದ್ಯತೆ ಇತ್ತು. ಹೊರಗಿನವರಿಗೆ ಬಾಗಿಲು ಮುಚ್ಚಿರಲಿಲ್ಲ. ಆದರೆ ಉಳಿದ 25% ನೀವೆಲ್ಲ ಸೇರಿ ನೋಂದಾಯಿಸಿದ ಕಂಪನಿ ಹಾಕಬೇಕಿತ್ತು, ನಡೆಸುವ ಖರ್ಚು ಪರೀಕ್ಷಾ ಶುಲ್ಕದಲ್ಲೇ ಹುಟ್ಟಬೇಕಿತ್ತು. ಎರಕದ ಕೆಲಸಕ್ಕೆ ಇದು ದೊಡ್ಡ ಅಂಗಿ.

ನಿಮಗೆ ಹೊಂದುವುದು ಎಂಎಸ್‌ಎಂಇ ಸಚಿವಾಲಯದ ಕ್ಲಸ್ಟರ್ ಯೋಜನೆಯ ಸಾಮಾನ್ಯ ಸೌಲಭ್ಯ ಕೇಂದ್ರ. 2022ರ ಮಾರ್ಗಸೂಚಿಯಂತೆ 5ರಿಂದ 10 ಕೋಟಿಯ ಯೋಜನೆಗೆ ಕೇಂದ್ರ ಸರ್ಕಾರ 70% ಕೊಡುತ್ತದೆ, 10ರಿಂದ 30 ಕೋಟಿಯದಕ್ಕೆ 60%. ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಅದಕ್ಕೂ ಮುಂಚೆ ಕಳೆದ ಹನ್ನೆರಡು ತಿಂಗಳಲ್ಲಿ ಎಲ್ಲರೂ ಸೇರಿ ಎಷ್ಟು ಪರೀಕ್ಷೆ ಮಾಡಿಸಿದಿರಿ, ಎಷ್ಟು ಶುಲ್ಕ ಕಟ್ಟಿದಿರಿ ಎಂದು ಬಿಲ್ ಹಿಡಿದು ಕೂಡಿಸಿ. ಅಂದಾಜು ಸಾಲದು.

ಬೇಕಾದದ್ದು ಲೋಹದ ಸಂಯೋಜನೆ ಅಳೆಯುವ ಸ್ಪೆಕ್ಟ್ರೋಮೀಟರ್, ಎಳೆತ ಪರೀಕ್ಷಾ ಯಂತ್ರ, ಗಡಸುತನ ಅಳೆಯುವ ಬ್ರಿನೆಲ್ ಯಂತ್ರ, ಮೈಕ್ರೋಸ್ಕೋಪ್. ಯಂತ್ರ ಸಿಗುತ್ತದೆ, ಅದನ್ನು ಸಾಕುವುದೇ ಕಷ್ಟ. ಸ್ಪೆಕ್ಟ್ರೋಮೀಟರ್‌ಗೆ 99.999% ಶುದ್ಧ ಆರ್ಗಾನ್ ಬೇಕು, ತಪ್ಪದ ಕರೆಂಟ್ ಬೇಕು. ನಮ್ಮ ಮಳೆಗಾಲದ ತೇವಕ್ಕೆ ಎಸಿ, ಡೀಹ್ಯುಮಿಡಿಫೈಯರ್ ಇಲ್ಲದೆ ರೀಡಿಂಗ್ ಸ್ಥಿರವಾಗಿ ಬರುವುದಿಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಗೆ ಕೋಣೆಯ ಉಷ್ಣತೆ, ತೇವಾಂಶದ ದಾಖಲೆ, ಯಂತ್ರಗಳ ಕ್ಯಾಲಿಬ್ರೇಷನ್ ಎರಡನ್ನೂ ತೋರಿಸಬೇಕು. ಮಾನ್ಯತೆ ಇಡೀ ಲ್ಯಾಬಿಗಲ್ಲ, ಮಾನ್ಯತೆಯ ಜೊತೆ ಕೊಡುವ ಪಟ್ಟಿಯಾದ ಸ್ಕೋಪ್‌ನಲ್ಲಿ ಬರೆದ ಪರೀಕ್ಷೆಗೆ ಮಾತ್ರ. ಈಗ ಬೆಂಗಳೂರಿಗೆ ಕಳಿಸುವಾಗಲೂ ಆ ಪಟ್ಟಿ ನೋಡಿಯೇ ಕಳಿಸಿ.

ಇನ್ನೊಂದು ಮಾತು, ಇದು ಲ್ಯಾಬಿಗಲ್ಲ, ನಿಮ್ಮ ಫೌಂಡ್ರಿಗೆ. ಎಸ್‌ಜಿ ಐರನ್‌ (ಗ್ರಾಫೈಟ್ ಗುಂಡಾಗಿರುವ ಎರಕದ ಕಬ್ಬಿಣ) 500/7 ಗ್ರೇಡಿನ ತುಂಡು ಎಳೆತದ ಬಲದಲ್ಲಿ 500 ಎಂಪಿಎ ದಾಟಿಯೂ, ಮುರಿಯುವ ಮುನ್ನ ಉದ್ದವಾಗುವುದರಲ್ಲಿ 7% ಮುಟ್ಟದೆ ಬಿದ್ದರೆ, ಪರೀಕ್ಷೆಗೆಂದೇ ಹೊಯ್ಯುವ ವೈ-ಬ್ಲಾಕ್ ಯಾವಾಗ ಹೊಯ್ದಿರಿ ಎಂದು ನೋಡಿ. ಮೆಗ್ನೀಷಿಯಂ ಹಾಕಿದ ಲೋಹ, ಎರಕ ಹೊಯ್ಯುವ ಪಾತ್ರೆಯಾದ ಲೇಡಲ್‌ನಲ್ಲಿ ಕಾದಷ್ಟೂ ಮೆಗ್ನೀಷಿಯಂ ಇಳಿಯುತ್ತದೆ, ಗ್ರಾಫೈಟ್ ಗುಂಡಾಗುವುದು ತಪ್ಪುತ್ತದೆ. ಆದ್ದರಿಂದ ಬ್ಲಾಕನ್ನು ಅದೇ ಲೇಡಲ್‌ನ ಕೊನೆಯಲ್ಲಿ ಹೊಯ್ಯಬೇಕು. ಮೊದಲೇ ಹೊಯ್ದರೆ ತುಂಡು ಪಾಸಾಗುತ್ತದೆ, ಕೊನೆಯ ಅಚ್ಚಿನ ಬಿಡಿಭಾಗ ಒಳಗೊಳಗೇ ಕೆಟ್ಟಿರುತ್ತದೆ. ಹೀಟ್ ನಂಬರನ್ನು (ಯಾವ ಸಲ ಕರಗಿಸಿದ ಲೋಹ ಎಂಬ ಗುರುತು) ಬ್ಲಾಕಿನ ಮೇಲೂ ಎರಕದ ಮೇಲೂ ಅಚ್ಚಿನಲ್ಲೇ ಮೂಡಿಸಿ. ಚಾಕ್‌ಪೀಸಿನಲ್ಲಿ ಬರೆದದ್ದು ಉಕ್ಕಿನ ಹರಳು ಸಿಡಿಸಿ ಎರಕ ಶುಚಿಮಾಡುವ ಶಾಟ್ ಬ್ಲಾಸ್ಟ್‌ನಲ್ಲಿ ಅಳಿಸಿಹೋಗುತ್ತದೆ.

ಪ್ರಶ್ನೆ: ಚಳ್ಳಕೆರೆ ಬಳಿಯ ಪರೀಕ್ಷಾ ವಲಯವೂ ಇದೇ ಯೋಜನೆಯದೇ?
– ವಿದ್ಯಾರ್ಥಿ, ಸಾಗರ

ಉತ್ತರ: ಅಲ್ಲ. ಅದು ಡಿಆರ್‌ಡಿಒದ್ದು. 2017ರ ಮೇ 28ರಂದು ಉದ್ಘಾಟನೆಯಾಯಿತು, ಪೈಲಟ್ ಇಲ್ಲದ ವಿಮಾನಗಳ ಹಾರಾಟ ಪರೀಕ್ಷೆ ಅಲ್ಲಿನ ಮುಖ್ಯ ಕೆಲಸ. ಡಿಟಿಐಎಸ್ ಬಂದದ್ದು ಮೂರು ವರ್ಷದ ನಂತರ.