ಓದುಗರ ಪ್ರಶ್ನೆ: ಸಮಾಜ ಓದಿ ಏನು ಮಾಡ್ಲಿಕ್ಕುಂಟು?

ಪ್ರಶ್ನೆ: ಮಗಳು ಎಂಟನೇ ಕ್ಲಾಸ್. ಮುಂದೆ ಸೈನ್ಸೇ ತಗೊಳ್ಳುವವಳು. ಸಮಾಜ ವಿಜ್ಞಾನವನ್ನು ರಾತ್ರಿಯಿಡೀ ಬಾಯಿಪಾಠ ಮಾಡುತ್ತಾಳೆ. ಇದನ್ನು ಯಾಕಾದರೂ ಕಲಿಸುತ್ತೀರಿ ಸರ್?
– ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ಅಮ್ಮಾ, ಗಣಿತ ಯಾಕೆ ಅಂತ ಯಾರೂ ಕೇಳುವುದಿಲ್ಲ. ಈ ಪ್ರಶ್ನೆ ಮಾತ್ರ ಮತ್ತೆ ಮತ್ತೆ ಬರುತ್ತದೆ, ನನಗೆ ಬೇಸರವೂ ಆಗುತ್ತದೆ. ಬಾಯಿಪಾಠ ಮಾಡಿಸುವುದು ಕಲಿಸುವವರ ತಪ್ಪು, ವಿಷಯದ್ದಲ್ಲ.

ಭೂಸುಧಾರಣೆ ಪಾಠಕ್ಕೆ ಮೊದಲು ನಾನು ಮಕ್ಕಳಿಗೆ ಹೇಳುತ್ತಿದ್ದೆ: 'ನಮ್ಮ ಗದ್ದೆ ಮೊದಲು ಯಾರದ್ದಾಗಿತ್ತು ಅಂತ ಅಜ್ಜ, ಅಜ್ಜಿಯನ್ನು ಕೇಳಿ ಬನ್ನಿ.' ಒಮ್ಮೆ ಒಬ್ಬಳು ಹುಡುಗಿ ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಕಾಗದ ತಂದಳು. ಮಡಿಕೆಯಲ್ಲಿ ಹರಿದಿತ್ತು, ಅನ್ನದ ಅಗುಳಲ್ಲಿ ಅಂಟಿಸಿದ್ದರು. ಭೂ ನ್ಯಾಯಮಂಡಳಿಯ ಆದೇಶ! ಅವಳಜ್ಜ ಚಾಲಗೇಣಿ ಒಕ್ಕಲು, ಅಂದರೆ ಧಣಿಯ ಗದ್ದೆಯನ್ನು ತಾತ್ಕಾಲಿಕ ಗೇಣಿಗೆ ಮಾಡುವವರು. ಕಾಯಂ ಗೇಣಿಯ ಮೂಲಗೇಣಿಯವರಿಗಿದ್ದ ಭದ್ರತೆ ಅವರಿಗಿಲ್ಲ, ಧಣಿ ಏಳು ಅಂದರೆ ಏಳಬೇಕು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಉಳುವವನೇ ಹೊಲದೊಡೆಯ ಅನ್ನುವ ಭೂಸುಧಾರಣೆ ತಿದ್ದುಪಡಿ ಕಾನೂನು ಬಂತು. ಅಜ್ಜ ಡಿಕ್ಲರೇಶನ್ (ಗದ್ದೆ ತನಗೆ ಸಿಗಬೇಕೆಂಬ ಅರ್ಜಿ) ಹಾಕಿದರು, ಗದ್ದೆ ಅವರ ಹೆಸರಿಗಾಯಿತು.

ಹಿಂದಿನ ಬೆಂಚಿನ ಹುಡುಗ ಎದ್ದ. 'ನಮ್ಮದು ಹೋಯ್ತಂತೆ ಸರ್. ಹೇಳುವಾಗ ಅಜ್ಜಿ ಅತ್ತರು.'

ಅವತ್ತು ಪಾಠ ಅಲ್ಲೇ ನಿಂತಿತು. ಕಳಕೊಂಡವರಿಗೆ ಪರಿಹಾರ ಸಿಕ್ಕಿತಾ? ಕೆಲವರು ಧಣಿಗೆ ಹೆದರಿ ಅರ್ಜಿಯೇ ಹಾಕಲಿಲ್ಲವಂತೆ, ಹೌದಾ? ಕೇಳಿದ್ದೆಲ್ಲ ಮಕ್ಕಳೇ. ಒಂದು ಕಾನೂನು ನನ್ನ ಮನೆಯ ಅಕ್ಕಿ ಮುಡಿಯವರೆಗೆ ಹೇಗೆ ಬಂತು, ಅದೇ ಕಾನೂನು ಪಕ್ಕದವನ ಮನೆಯಲ್ಲಿ ಯಾಕೆ ಬೇರೆ ಕಥೆಯಾಯಿತು – ಇದು ಕಾಣಲಿ ಅಂತಲೇ ಈ ವಿಷಯ ಇರುವುದು. ನಾಳೆ ನಿಮ್ಮ ಮಗಳು ಡಾಕ್ಟರ್ ಆದರೂ ಓಟು ಹಾಕುತ್ತಾಳೆ, ಅಲ್ವಾ?

ಶಿಕ್ಷಕರಿಗೊಂದು ಮಾತು. ಮನೆಯ ವಿಷಯ ಹೇಳು ಅಂತ ಯಾವ ಮಗುವನ್ನೂ ಹೆಸರು ಹಿಡಿದು ಎಬ್ಬಿಸಬೇಡಿ. ನಾನೊಮ್ಮೆ ಎಬ್ಬಿಸಿದ್ದೆ. ಆ ಮಗು ಎರಡು ದಿನ ಶಾಲೆಗೆ ಬರಲಿಲ್ಲ.

ಪ್ರಶ್ನೆ: ಇಸವಿ ನೆನಪಿಡಲು ಮಗನನ್ನು 'ಮಿಡ್‌ಬ್ರೈನ್ ಆಕ್ಟಿವೇಶನ್' ಕ್ಲಾಸಿಗೆ ಸೇರಿಸಬಹುದೇ?
– ಸುರತ್ಕಲ್

ಉತ್ತರ: ಮಿದುಳು ಚುರುಕು ಮಾಡಿ ಕಣ್ಣು ಕಟ್ಟಿದರೂ ಓದಿಸುತ್ತೇವೆ ಅನ್ನುವ ಈ ಕ್ಲಾಸು ಶುದ್ಧ ಮೋಸ. ಕಣ್ಣಿಗೆ ಕಟ್ಟಿದ ಬಟ್ಟೆಯಡಿ, ಮೂಗಿನ ಪಕ್ಕದ ಸಂದಿಯಿಂದ ನೋಡುವುದನ್ನೇ ವಿದ್ಯೆ ಅಂತ ಮಾರುತ್ತಾರೆ. ಅದರ ಬದಲು ಮಂಜೇಶ್ವರದಲ್ಲಿ ನೆಂಟರಿದ್ದರೆ ಮಗನನ್ನು ಕರಕೊಂಡು ಹೋಗಿ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ನಾವು ಮದ್ರಾಸ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದೆವು, ಅವರು ಕೇರಳಕ್ಕೆ ಹೋದರು. ಅಲ್ಲಿನ ಹಿರಿಯರ ಬಾಯಲ್ಲಿ ಕೇಳಿದ ಇಸವಿ ಮರೆಯುವುದಿಲ್ಲ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಬರುವ ಇತಿಹಾಸ ಮಕ್ಕಳಿಗೆ ಓದಿಸಬಹುದಾ?

ಉತ್ತರ: ಯಾರು ಬರೆದದ್ದು, ಎಲ್ಲಿಂದ ತಂದದ್ದು ಅಂತ ಗೊತ್ತಾಗುವವರೆಗೆ ಬೇಡ.

ಪ್ರಶ್ನೆ: ಯಾವ ಗೈಡ್ ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ಪಠ್ಯಪುಸ್ತಕ ಓದಿಸಿ.