ಎದಿ ಧಸಕ್ ಅಂದದ್ದು ಫಾರಂಗೆ ಕೇಳಿಸಲಿಲ್ಲ

(ಧಾರವಾಡದ ಓದುಗರೊಬ್ಬರ ಪತ್ರದ ಸಾರ: ‘ನೆರೆ ಸಂತ್ರಸ್ತರ ಮನಸ್ಸಿಗೆ ಸಾಂತ್ವನ ಹೇಳುವ ತರಬೇತಿಯನ್ನು ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಎಂ.ಎಸ್‌ಸಿ. ಮುಗಿಸಿ, ಮತ್ತೆರಡು ವರ್ಷ ಎಂ.ಫಿಲ್. ಮಾಡಿ ಕ್ಲಿನಿಕಲ್ ಸೈಕಾಲಜಿಸ್ಟ್ ಆದವಳು. ಎರಡು ದಿನದ ತರಬೇತಿಯಲ್ಲಿ ಇದೆಲ್ಲ ಬರುವುದಾದರೆ ನಾವೇಕೆ ಓದಬೇಕಿತ್ತು? ಹೆಸರು ಹಾಕಬೇಡಿ.’)

ಹೆಸರು ಹಾಕಿಲ್ಲ ತಾಯಿ. ಇಷ್ಟು ಸಿಟ್ಟಿನಲ್ಲೂ ಒಂದು ಕಾಗುಣಿತ ತಪ್ಪದೆ ಬರೆದಿದ್ದೀರಿ, ಅದಕ್ಕೆ ಮೊದಲು ಶಹಬ್ಬಾಸ್.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಶನಿವಾರ ಭಾನುವಾರ ಆನ್‌ಲೈನ್ ಕೋರ್ಸ್ ಮಾಡಿ, ಸೋಮವಾರ ‘ಟ್ರಾಮಾ ತಜ್ಞ’ ಎಂದು ಬೋರ್ಡು ತೂಗುಹಾಕಿದವರನ್ನು ನಾನೂ ಕಂಡಿದ್ದೇನೆ. ಅವರ ಸುದ್ದಿ ಅಲ್ಲಿಗೇ ಬಿಡೋಣ.

2009ರ ಅಕ್ಟೋಬರ್. ಉತ್ತರ ಕರ್ನಾಟಕದ ನೆರೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಬಾಗಲಕೋಟೆ ಜಿಲ್ಲೆಯ ಒಂದು ಶಾಲೆಯ ಗಂಜಿಕೇಂದ್ರಕ್ಕೆ ವರದಿಗೆಂದು ಹೋಗಿದ್ದೆ. ನಗರದಿಂದ ಬಂದಿದ್ದ ಹುಡುಗ, ಕಲಿತವನು, ಒಳ್ಳೆಯವನೇ, ಕೈಯಲ್ಲಿ ಫಾರಂ ಹಿಡಿದು ಒಬ್ಬ ಅಜ್ಜಿಯ ಮುಂದೆ ಕೂತಿದ್ದ. ‘ಘಟನೆಯ ನೆನಪು ಮರುಕಳಿಸಿದಾಗ ತೀವ್ರ ದೈಹಿಕ ಪ್ರತಿಕ್ರಿಯೆ ಉಂಟಾಗುತ್ತದೆಯೇ?’ ಅಜ್ಜಿ ಅವನ ಮುಖ ನೋಡಿ ‘ಇಲ್ಲ ಬಿಡ್ರಿ’ ಎಂದಳು. ಅವನು ‘ಇಲ್ಲ’ಕ್ಕೆ ಟಿಕ್ ಹಾಕಿ ಮುಂದಿನವರ ಬಳಿ ಹೋದ.

ಸ್ವಲ್ಪ ಹೊತ್ತಿಗೆ ಅಂಗನವಾಡಿ ಅಕ್ಕ ಮೊರ ಹಿಡಿದು ಬಂದು ಅಜ್ಜಿಯ ಪಕ್ಕ ಕೂತಳು. ಇಬ್ಬರೂ ಅಕ್ಕಿ ಆರಿಸತೊಡಗಿದರು. ಹೊರಗೆ ಯಾರೋ ಬಕೆಟ್ ನೀರು ಸುರಿದರು. ಅಜ್ಜಿಯ ಬೆರಳು ಅಕ್ಕಿಯಲ್ಲೇ ನಿಂತುಬಿಟ್ಟವು.

‘ಏನಾತಬೇ?’

‘ನೀರಿನ ಸಪ್ಪಳ ಕೇಳಿದ್ರ ಎದಿ ಧಸಕ್ ಅಂತೈತಿ. ರಾತ್ರಿ ಕಣ್ಣಿಗಿ ಕಣ್ಣ ಹತ್ತಂಗಿಲ್ಲ.’

ಅಕ್ಕ ‘ಧೈರ್ಯ ತಗೋ’ ಎನ್ನಲಿಲ್ಲ, ‘ಅಳಬೇಡ’ ಎನ್ನಲಿಲ್ಲ. ಎದ್ದು ಹೋಗಿ, ನಲ್ಲಿಯ ಕಡೆಗಿದ್ದ ಅಜ್ಜಿಯ ಚಾಪೆಯನ್ನು ಒಳಗೋಡೆಯ ಮಗ್ಗುಲಿಗೆ ಹಾಸಿದಳು. ಆಕೆಗೆ ಗೊತ್ತಿಲ್ಲದ್ದು ಒಂದೇ: ತಿಂಗಳು ಕಳೆದರೂ ಅಜ್ಜಿಗೆ ನಿದ್ದೆ ಬಾರದಿದ್ದರೆ ಯಾರ ಬಳಿ ಕಳಿಸಬೇಕು ಎಂಬುದು. ನಾನು ಕೇಳಿದ ಎರಡು ದಿನದ ತರಬೇತಿ ಅಷ್ಟಕ್ಕೇ. ಆಕೆಗೆ ಬರುವ ಮಿಕ್ಕಿದ್ದನ್ನು ಕಲಿಯಲು ಆ ಹುಡುಗನಿಗೆ ಎಷ್ಟು ವರ್ಷ ಬೇಕೋ, ನೀವೇ ಹೇಳಿ.

ತಜ್ಞರು ಎಡವಿಲ್ಲವೇ? ಆಘಾತವಾದ ಕೂಡಲೇ ಜನರನ್ನು ಕೂರಿಸಿಕೊಂಡು ಕಂಡದ್ದು, ಅನುಭವಿಸಿದ್ದು ಎಲ್ಲವನ್ನೂ ಬಾಯಿಬಿಡಿಸುವ ‘ಡೀಬ್ರೀಫಿಂಗ್’ 1980ರ ದಶಕದಿಂದ ಪಶ್ಚಿಮದಲ್ಲಿ ದೊಡ್ಡ ಫ್ಯಾಷನ್ ಆಗಿತ್ತು. ಆಮೇಲೆ ಪರೀಕ್ಷಿಸಿ ನೋಡಿದರೆ ಅದು ಮುಂದಿನ ಕಾಯಿಲೆ ತಡೆಯುವುದಿಲ್ಲ, ಕೆಲವರಿಗೆ ಕೆಡುಕೂ ಮಾಡಬಹುದು ಎಂದು ತಿಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ, ಮನಸ್ಸಿನ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರೇ ಮಾತು: ನೋಡು, ಕೇಳು, ನೆರವಿಗೆ ಜೋಡಿಸು. ಒತ್ತಾಯಿಸಿ ಬಾಯಿಬಿಡಿಸಬೇಡ ಎಂದೂ ಹೇಳುತ್ತದೆ. ಇದಕ್ಕೆ ಮನೋವೈದ್ಯರೇ ಆಗಬೇಕೆಂದಿಲ್ಲ ಎನ್ನುವುದೂ ಅದರಲ್ಲೇ ಇದೆ.

ನಮ್ಮವರಿಗೆ ಇದು ಹೊಸತೂ ಅಲ್ಲ. 1984ರ ಭೋಪಾಲ್ ಅನಿಲ ದುರಂತದ ನಂತರ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತವರ ಸಂಗಡಿಗರು ಅಲ್ಲಿಯ ಸಾಮಾನ್ಯ ವೈದ್ಯರಿಗೇ ಮನಸ್ಸಿನ ನೋವು ಗುರುತಿಸುವುದನ್ನು ಕಲಿಸಿದರು. 2004ರ ಸುನಾಮಿಯಾದಾಗಲೂ ಊರಿನವರನ್ನೇ ತಯಾರು ಮಾಡಿದರು. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನೇ ನಂಬಿ ನಡೆಸಿದ ಪ್ರಯೋಗ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇದನ್ನು ನೀವು ಓದಿಯೇ ಇರುತ್ತೀರಿ. ಇಂಗ್ಲಿಷಿನಲ್ಲಿ.

ಅಲ್ಲೇ ಇರುವುದು ನನ್ನ ತಕರಾರು. ನಮ್ಮ ಜನಕ್ಕೆ ಜೀವ ಹಾರುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ತಲೆ ಜುಮ್ಮೆನ್ನುತ್ತದೆ. ನೀವು ಅವರಿಗೆ ‘ಆಘಾತೋತ್ತರ ಒತ್ತಡ ಅಸ್ವಸ್ಥತೆ’ ಎನ್ನುತ್ತೀರಿ. ಅದನ್ನು ಕನ್ನಡ ಎಂದು ಕರೆಯುವ ಧೈರ್ಯ ನನಗಿಲ್ಲ. ಬ್ಯಾಂಕಿನ ಚಲನ್, ಆಪರೇಷನ್‌ಗೆ ಮುಂಚೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಒಪ್ಪಿಗೆ ಪತ್ರ, ಪೊಲೀಸ್ ಠಾಣೆಯ ನೋಟೀಸು, ಎಲ್ಲದರದೂ ಇದೇ ಹಣೆಬರಹ. ನಿಮ್ಹಾನ್ಸ್‌ನಲ್ಲಿದ್ದುಕೊಂಡೇ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಬಗ್ಗೆ ರಾಶಿ ರಾಶಿ ಪುಸ್ತಕ ಬರೆದರು, ತಿಳಿಗನ್ನಡದಲ್ಲಿ. ಅವರಿಗೆ ಆದದ್ದು ಮಿಕ್ಕವರಿಗೆ ಏಕೆ ಆಗದು?

ನೀವು ಓದಿದ್ದು ವ್ಯರ್ಥ ಎನ್ನುತ್ತಿಲ್ಲ. ಅಂಗನವಾಡಿ ಅಕ್ಕ ಕಳಿಸಿದ ಅಜ್ಜಿ ಕೊನೆಗೆ ಬಂದು ಕೂರುವುದು ನಿಮ್ಮೆದುರಿಗೇ. ಆಗ ಏನೆಂದು ಕೇಳುತ್ತೀರಿ? ಆ ಪ್ರಶ್ನೆಗಳನ್ನು ನಿಮ್ಮ ಧಾರವಾಡದ ಮಾತಿನಲ್ಲಿ, ಮನೆಯ ಹಿರಿಯರಿಗೆ ಓದಿ ಹೇಳಿ, ಅವರು ತಲೆದೂಗಿದ ಮೇಲೆ ನಮಗೆ ಕಳಿಸಿ. ಎರಡು ಪುಟ ಮೀಸಲಿಟ್ಟಿದ್ದೇನೆ. ಸಂಭಾವನೆ ಕೊಡುವ ತಾಕತ್ತು ಪತ್ರಿಕೆಗಿಲ್ಲ, ಗೌರವ ಪ್ರತಿ ಖಂಡಿತ ಬರುತ್ತದೆ.

— ಸಂ.