ಟ್ಯಾಬ್ ಜಗಳ ಟೂಲ್‌ಗೆ ಬಿಡಿ, ಹೆಸರು ನೀವು ಕೂತು ಇಡಿ

ಪ್ರಶ್ನೆ: ಅಕ್ಕಾ, ನಮ್ಮದು ಸಣ್ಣ ಆಫೀಸು. ರೈಸ್ ಮಿಲ್‌ಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಪೈಥಾನ್ ಅನ್ನುವ ಪ್ರೋಗ್ರಾಂ ಭಾಷೆಯಲ್ಲಿದೆ, ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ಸಾಲಿನ ಮುಂದೆ ಜಾಗ ಬಿಡಲು ಕೆಲವು ಫೈಲ್‌ನಲ್ಲಿ ಟ್ಯಾಬ್, ಕೆಲವದರಲ್ಲಿ ಸ್ಪೇಸ್. ‘ಕ್ಯೂಟಿವೈ’ (ಪ್ರಮಾಣ) ಅಂದರೆ ಖರೀದಿಯಲ್ಲಿ ಚೀಲ, ಮಾರಾಟದಲ್ಲಿ ಕ್ವಿಂಟಲ್. ಎಲ್ಲ ಒಂದೇ ಸಲ ತಿದ್ದೋಣ ಅಂತ ಒಬ್ಬರು, ಓಡುತ್ತಿರುವುದನ್ನು ಮುಟ್ಟಬೇಡಿ ಅಂತ ಇನ್ನೊಬ್ಬರು. ದಿನಾ ಇದೇ ಜಗಳ. ಯಾರ ಮಾತು ಕೇಳಲಿ?
– ಹೆಸರು ಬೇಡ, ಗಂಗಾವತಿ

ಉತ್ತರ: ತಂಗಿ, ಮುಟ್ಟಬೇಡಿ ಅನ್ನುವವರ ಭಯ ಸುಳ್ಳಲ್ಲ. ಸುಗ್ಗಿಯಲ್ಲಿ ಮಿಲ್ ಮುಂದೆ ಭತ್ತದ ಲಾರಿ ನಿಂತಿರುವಾಗ ಬಿಲ್ ಬರದಿದ್ದರೆ ಫೋನ್ ಬರುವುದು ನಿಮಗೇ ಅಲ್ವಾ?

ಟ್ಯಾಬೋ ಸ್ಪೇಸೋ ಅಂತ ಸುಮ್ನೆ ವಾದ ಮಾಡಬೇಡಿ. ಪೈಥಾನ್‌ನವರು 2001ರಲ್ಲೇ ಪೆಪ್ 8 ಅನ್ನುವ ಕೋಡ್ ಶೈಲಿಯ ಕೈಪಿಡಿ ಬರೆದಿಟ್ಟಿದ್ದಾರೆ: ನಾಲ್ಕು ಸ್ಪೇಸ್. ಹಳೇ ಕೋಡ್ ಟ್ಯಾಬ್‌ನಲ್ಲೇ ಇದ್ದರೆ ಅದಕ್ಕೆ ಹೊಂದಿಕೊಳ್ಳಿ ಅಂತಲೂ ಅದರಲ್ಲಿದೆ. ನಿಮ್ಮಲ್ಲಿ ಎರಡೂ ಕಲೆತಿರುವುದರಿಂದ ಸ್ಪೇಸ್‌ಗೇ ಹೋಗಿ. ಕೈಯಿಂದ ತಿದ್ದದೆ, ಕೋಡ್‌ನ ರೂಪ ತಾನೇ ಸರಿಮಾಡುವ ‘ಬ್ಲ್ಯಾಕ್’ ಟೂಲ್‌ಗೆ ಬಿಡಿ. ಅದು ಸಾಲುಗಳ ರೂಪ ಬದಲಿಸಿ, ಪ್ರೋಗ್ರಾಂ ಮೊದಲಿನಂತೆಯೇ ಇದೆಯಾ ಅಂತ ತಾನೇ ತಾಳೆ ನೋಡುತ್ತದೆ. ಸುಗ್ಗಿ ಮುಗಿದ ಮೇಲೆ, ಎಲ್ಲರ ಬಾಕಿ ಕೆಲಸ ಮೊದಲೇ ಸೇರಿಸಿಕೊಂಡು, ಆಮೇಲೆ ಈ ರೂಪ ಬದಲಾವಣೆಯೊಂದನ್ನೇ ಒಂದು ಕಮಿಟ್ (ಒಂದು ಸಲಕ್ಕೆ ದಾಖಲಿಸುವ ಬದಲಾವಣೆ) ಮಾಡಿ. ಒಂದೇ ಒಂದು ಬಗ್ ಫಿಕ್ಸ್ ಕೂಡ ಅದರೊಳಗೆ ಬೇಡ. ನಾಳೆ ಲೆಕ್ಕ ತಪ್ಪಿದರೆ ಅಷ್ಟೊಂದು ಸಾಲುಗಳಲ್ಲಿ ಹುಡುಕುವವರು ಯಾರು? ಆ ಕಮಿಟ್‌ನ ಗುರುತನ್ನು ಒಂದು ಫೈಲ್‌ನಲ್ಲಿ ಬರೆದು, ಕೋಡ್ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ಗೆ ತೋರಿಸಿ. 2019ರಲ್ಲಿ ಬಂದ ಗಿಟ್ 2.23ರಿಂದ ಈ ಅನುಕೂಲ ಇದೆ. ಯಾವ ಸಾಲನ್ನು ಯಾರು ಬದಲಿಸಿದರು ಅಂತ ತೋರಿಸುವ ‘ಬ್ಲೇಮ್’ ನೋಡುವಾಗ ಅದನ್ನು ದಾಟಿ, ಸಾಲು ನಿಜವಾಗಿ ಬದಲಾದ ಕಮಿಟ್ ಸಿಗುತ್ತದೆ.

ನನಗೆ ಜಾಸ್ತಿ ಚಿಂತೆ ಆಗಿರುವುದು ಆ ‘ಕ್ಯೂಟಿವೈ’ ಬಗ್ಗೆ. ನಿಮ್ಮ ಕಡೆ ಭತ್ತದ ಚೀಲ 75 ಕೆಜಿ. 100 ಚೀಲ ಅಂದರೆ 75 ಕ್ವಿಂಟಲ್. ಅದನ್ನೇ 100 ಕ್ವಿಂಟಲ್ ಅಂತ ಓದಿಕೊಂಡರೆ ಇಲ್ಲದ 25 ಕ್ವಿಂಟಲ್ ಸ್ಟಾಕ್‌ನಲ್ಲಿ ಕೂರುತ್ತದೆ. ಬ್ಲ್ಯಾಕ್‌ನಂಥ ಯಾವ ಫಾರ್ಮ್ಯಾಟರೂ ಇದನ್ನು ಹಿಡಿಯುವುದಿಲ್ಲ. ರಾಯಚೂರಿನಲ್ಲಿ ಹತ್ತಿ ಮಿಲ್‌ಗಳ ಲೆಕ್ಕ ನೋಡುವಾಗ ನಾವು ‘ತೂಕ’ ಅಂತ ಬರೀ ಹೆಸರು ಇಡಲು ಯಾರನ್ನೂ ಬಿಡುತ್ತಿರಲಿಲ್ಲ. ಕ್ವಿಂಟಲ್ಲೋ ಬೇಲೋ ಹೆಸರಲ್ಲೇ ಇರಬೇಕಿತ್ತು. ನೀನೂ ಅದನ್ನೇ ಹಟ ಹಿಡಿ. ಹೊಸ ಕೋಡ್‌ನಲ್ಲಿ ಇವತ್ತಿನಿಂದಲೇ ಶುರುಮಾಡು. ಹಳೆಯದರಲ್ಲಿ, ಆ ಫೈಲ್‌ಗೆ ಕೈ ಹಾಕಬೇಕಾಗಿ ಬಂದಾಗ ಮಾತ್ರ. ಅದಕ್ಕೂ ಮೊದಲು ಒಂದು ಹಳೇ ಬಿಲ್ ಇಟ್ಟುಕೊಂಡು, ಅದೇ ಮೊತ್ತ ಬರುತ್ತದಾ ಅಂತ ಟೆಸ್ಟ್ ಬರಿ.

ಹೆಸರುಗಳ ಪಟ್ಟಿ ಮಾಡುವಾಗ ಆ ಇಬ್ಬರನ್ನೂ ಕೂರಿಸಿಕೋ. ಮಿಲ್‌ನ ಗುಮಾಸ್ತರನ್ನೂ ಕರಿ. ಯಾವ ಕಾಲಂನಲ್ಲಿ ಏನು ತುಂಬುತ್ತಾರೆ ಅನ್ನುವುದು ಅವರಿಗೇ ಗೊತ್ತು.